ಪಾಳೆಯದ ಹೊರಗಿನ ದೀನಮ್ಮ

ಆ ಹಬ್ಬಗಳ ಸುದ್ದಿ ಪುತಳಾಬಾಯಿಯ ಅಂಗಳಕ್ಕೆ ಮೊದಲು ಬಂದದ್ದು ಒಂದು ಕೈಚೀಲದಲ್ಲಿ. ಕೊರೊನಾ ಮುಗಿದ ಮರುವರ್ಷದ ಬೇಸಿಗೆ ಅದು. ಭಾಲ್ಕಿಯ ಆ ಗಲ್ಲಿಗೆ ನಲ್ಲಿ ನೀರು ಬಂದು ಹೋಗಿತ್ತು. ಪುತಳಾಬಾಯಿ ಕೊಡಗಳನ್ನು ಒಳಗಿಟ್ಟು, ಕಟ್ಟೆಯ ಮೇಲೆ ಕೂತು, ಸೊಂಟದ ಡಬ್ಬಿ ಬಿಚ್ಚಿ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದಳು. ಪಕ್ಕದ ಮನೆಯ ದೀನಮ್ಮ ಚೀಲ ಹಿಡಿದು ಬಂದವಳೇ ಅವಳ ಮುಂದೆ ಸುರಿದಳು. ಅರ್ಧ ಪಾಕೀಟು ಪಾವು ಬ್ರೆಡ್ಡು, ಕಲೀಮನ ಬೇಕರಿಯ ಟೋಸ್ಟು, ತಿನ್ನುವ ಸೋಡಾದ ಪುಡಿಕೆ. ಇನ್ನೊಂದು ಕೈಯಲ್ಲಿ ಇಡ್ಲಿಗೆಂದು ರುಬ್ಬಿಟ್ಟು ಉಬ್ಬಿದ ಹಿಟ್ಟಿನ ಪಾತೇಲಿ.

“ಪುತಳಕ್ಕ, ಇದೆಲ್ಲಾ ನೀ ಇಟ್ಗೋ. ನಮ್ಮ ಮನ್ಯಾಗ ಒಂದು ವಾರ ಹುಳಿ ಅನ್ನೋದು ಇರಬಾರದಂತ.”

“ಯಾಕ, ಡಾಕ್ಟರ ಹೇಳ್ಯಾನೇನು?”

“ಮೋಶೆ ಹೇಳ್ಯಾನ.”

“ಅವ ಯಾವ ದವಾಖಾನ್ಯಾಗ ಕೂಡ್ತಾನ?”

ದೀನಮ್ಮ ನಕ್ಕು ನಕ್ಕು ಕಟ್ಟೆಯ ಮೇಲೇ ಕೂತುಬಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು. ಪಸ್ಕ ಅಂತ ಹಬ್ಬವಂತೆ. ದೇವರು ಮೋಶೆಯನ್ನು ಮುಂದಿಟ್ಟು ತನ್ನ ಜನರನ್ನು ಗುಲಾಮಗಿರಿಯಿಂದ ಬಿಡಿಸಿದ ದಿನವಂತೆ. ಹೊರಡುವ ಅವಸರದಲ್ಲಿ ಹಿಟ್ಟು ಉಬ್ಬುವ ತನಕ ಕಾಯಲು ಪುರಸೊತ್ತಿರಲಿಲ್ಲ, ಅದಕ್ಕೆ ಆ ವಾರವೆಲ್ಲ ಹುಳಿಯಿಲ್ಲದ ರೊಟ್ಟಿ. ಇಷ್ಟು ವರ್ಷ ಚರ್ಚಿನಲ್ಲಿ ಇದನ್ನು ಯಾರೂ ಮಾಡಿರಲಿಲ್ಲ. ತಮ್ಮ ಸುಶೀಲಕುಮಾರ ಈಗ ಕಲಿತು ಬಂದಿದ್ದಾನೆ.

“ಹಂಗಿದ್ರ ನಾವು ದಿನಾ ಹಬ್ಬಾನೇ ಮಾಡ್ಲತೀವಿ ಬಿಡು,” ಅಂದಳು ಪುತಳಾಬಾಯಿ. “ಜ್ವಾಳದ ರೊಟ್ಟ್ಯಾಗ ಹುಳಿ ಎಲ್ಲದ?”

“ನಾನೂ ಅದೇ ಅಂದೆ. ಅವಗ ನಗು ಬರಲಿಲ್ಲ. ಹುಳಿ ತಿಂದವರಿಗಿ ಕುಲದಿಂದ ತೆಗದು ಹಾಕಬೇಕಂತ ಬರ್ದದಂತ.”

“ನಿನಗ ತೆಗದು ಹಾಕಿದ್ರ ಅವನಿಗಿ ರೊಟ್ಟಿ ಯಾರು ಬಡೀತಾರ?”

ಆ ಮಾತಿಗೂ ದೀನಮ್ಮ ನಕ್ಕಿದ್ದಳು. ನಕ್ಕರೆ ಗಲ್ಲಿಯ ಆ ತುದಿಗೆ ಕೇಳಬೇಕು, ಅಂಥ ನಗು.

ದೀನಮ್ಮ ಹುಟ್ಟಿದ್ದು ಮೆಹಕರದಲ್ಲಿ. ಅಪ್ಪ ಮಂದಿಯ ಹೊಲದಲ್ಲಿ ದುಡಿದು, ರವಿವಾರ ಸಣ್ಣ ಚರ್ಚಿನ ಗಂಟೆ ಬಾರಿಸುತ್ತಿದ್ದ. ಸಾಯಗಾಂವಕ್ಕೆ ಕೊಟ್ಟಿದ್ದರು. ಗಂಡ ಗೌಂಡಿ ಕೆಲಸಕ್ಕೆಂದು ಪುಣೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಟ್ರಂಕು ಹೊತ್ತು ತವರಿಗೆ ಬಂದರೆ ಅಪ್ಪ ಸತ್ತು, ತಮ್ಮ ಸುಶೀಲ ಚಡ್ಡಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ಕೈ ಹಿಡಿದು ಭಾಲ್ಕಿಗೆ ಬಂದಳು. ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡಿದಳು, ಆಮೇಲೆ ಸಾಲೆಯ ಬಿಸಿಯೂಟದ ಅಡಿಗೆಮನೆ ಸೇರಿದಳು. ಪುತಳಾಬಾಯಿಗೆ ಅವಳು ಸಿಕ್ಕದ್ದು ಅಲ್ಲಿಯೇ. ಇಬ್ಬರೂ ಒಂದೇ ಒಲೆಯ ಎರಡು ಕಡೆ ನಿಂತು ಇಪ್ಪತ್ತು ವರ್ಷ ಸಾರು ಕುದಿಸಿದವರು. ಗಲ್ಲಿಯಲ್ಲಿ ಜಾಗ ಖಾಲಿ ಇದೆ ಎಂದು ಹೇಳಿ ಪಕ್ಕಕ್ಕೆ ಕರೆದುಕೊಂಡು ಬಂದವಳೂ ಪುತಳಾಬಾಯಿಯೇ. ಒಬ್ಬರದು ಬುದ್ಧವಂದನೆ, ಇನ್ನೊಬ್ಬರದು ಯೇಸುಸ್ವಾಮಿ. ನಡುವೆ ಮೊಳಕಾಲೆತ್ತರದ ಗೋಡೆ. ಆ ಗೋಡೆ ದಾಟಿ ಸಾರಿನ ಬಟ್ಟಲು ಹೋಗಿ ಬರದ ದಿನವಿಲ್ಲ.

ಸುಶೀಲಕುಮಾರ ಕರೆಂಟಿನ ಲೈನ್‌ಮನ್ ಆದ, ಔರಾದಿನ ಕಡೆ ನೌಕರಿ. ಮದುವೆ ಮಾಡಿದಳು. ಹೆಂಡತಿ ಬಾಣಂತಿ ರೋಗದಲ್ಲಿ ತೀರಿಕೊಂಡಾಗ ಕೂಸು ಇನ್ನೂ ಕುತ್ತಿಗೆ ನಿಲ್ಲಿಸಿರಲಿಲ್ಲ. ಆ ಕೂಸೇ ಸ್ನೇಹಾ. ದೀನಮ್ಮ ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಸಾಲೆಯಲ್ಲಿ ಅನ್ನ ಬಸಿಯುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಬಿಗಿಯುವಾಗ ಹುಡುಗಿ ಕಿರುಚಿದರೆ, “ಬಿಗೀನೇ ಇರಬೇಕವ್ವ, ಸಡ್ಲ ಬಿಟ್ರ ಎಲ್ಲಾ ಕೈ ಬಿಟ್ಟು ಹೋಗ್ತದ,” ಅನ್ನುತ್ತಿದ್ದಳು.

ಸುಶೀಲಕುಮಾರ ಕೆಟ್ಟವನಲ್ಲ. ಅದನ್ನೂ ಹೇಳಬೇಕು. ಕುಡಿಯುವವನಲ್ಲ, ಕೈಯೆತ್ತುವವನಲ್ಲ. ಕೊರೊನಾದಲ್ಲಿ ಜೊತೆಗಾರ ಲೈನ್‌ಮನ್ನರು ಒಬ್ಬೊಬ್ಬರೇ ಸಾಯುವುದನ್ನು ನೋಡಿ ಅಂಜಿದ. ಫೋನಿನಲ್ಲಿ ಉಪದೇಶ ಕೇಳತೊಡಗಿದ. ಜಹೀರಾಬಾದಿನ ಕಡೆಯ ಒಬ್ಬ ಗುರು ಸಿಕ್ಕ. ದೇವರು ಕೊಟ್ಟ ಹಬ್ಬ ಬಿಟ್ಟು ಮನುಷ್ಯರು ಮಾಡಿದ ಹಬ್ಬ ಹಿಡಿದದ್ದಕ್ಕೇ ಈ ಬೇನೆ, ಧರ್ಮಶಾಸ್ತ್ರದ ಎಚ್ಚರಿಕೆಗಳನ್ನು ಒಂದೊಂದಾಗಿ ಪಾಲಿಸಬೇಕು ಅಂದ ಆ ಗುರು. ರವಿವಾರದ ಚರ್ಚು ನಿಂತು ಶನಿವಾರದ ಸಬ್ಬತ್ ಬಂತು. ಕ್ರಿಸ್‌ಮಸ್ಸಿಗೆ ಬಾಗಿಲಲ್ಲಿ ತೂಗುತ್ತಿದ್ದ ನಕ್ಷತ್ರ ಬಚ್ಚಲೊಲೆಗೆ ಹೋಯಿತು. ಹೆಸರುಗಳೂ ಬದಲಾದವು. ಸ್ನೇಹಾ ಹೋಗಿ ಹದಸ್ಸಾ ಆದಳು, ಸುಶೀಲಕುಮಾರ ಶಿಮೋನನಾದ.

“ನಂದೇನು ಬದಲಿ ಮಾಡೋದಿಲ್ಲಂತ,” ಅಂದಳು ದೀನಮ್ಮ ಹೆಮ್ಮೆಯಿಂದ. “ದೀನ ಅಂಬೋ ಹೆಣ್ಮಗಳು ಮೊದಲೇ ಶಾಸ್ತ್ರದಾಗ ಅದಾಳ. ನಮ್ಮಪ್ಪ ಶಾಣ್ಯಾ ಇದ್ದ.”

ಅವಳಿಗೆ ಆ ಹಬ್ಬಗಳು ಮನಸ್ಸಿಗೆ ಬಂದಿದ್ದವು. ಅದರಲ್ಲೂ ಪರ್ಣಶಾಲೆಯ ಹಬ್ಬ. ಮಳೆ ಮುಗಿದ ಮೇಲೆ ಎಕಂಬಾದಲ್ಲಿ ಗುಂಪಿನವರೊಬ್ಬರ ಹೊಲಕ್ಕೆ ಹೋಗಿ, ಸೋಯಾ ಕೊಯ್ದ ಜಾಗದಲ್ಲಿ ಬೇವಿನ ಟೊಂಗೆ, ಸಿಂದಿಗರಿ, ಜೋಳದ ಕಣಿಕೆ ಹೊದಿಸಿ ಗುಡಿಸಲು ಹಾಕುವುದು. ಒಂದು ವಾರ ಎಲ್ಲರೂ ಅದರಲ್ಲೇ ಉಂಡು, ಅದರಲ್ಲೇ ಮಲಗುವುದು. ಹುಟ್ಟಿದಾಗಿನಿಂದ ಹೊಲಕ್ಕೆ ಹೋದರೆ ಬಗ್ಗಿ ದುಡಿದವಳು ಅವಳು. ಹೊಲದಲ್ಲಿ ಸುಮ್ಮನೆ ಕೂತು ಉಂಡದ್ದು ಅದೇ ಮೊದಲು. “ಸ್ನೇಹಾ ನನ್ನ ತೊಡೀ ಮ್ಯಾಲ ತಲಿ ಇಟ್ಟು ಮಲಗಿತ್ತು ಅಕ್ಕ. ಮ್ಯಾಲ ಗರಿ ಸಂದ್ಯಾಗ ಚಿಕ್ಕಿ ಕಾಣ್ತಿದ್ದವು,” ಎಂದು ವಾರಗಟ್ಟಲೆ ಅದನ್ನೇ ಹೇಳಿದಳು.

ಅದೇ ಹಬ್ಬದಲ್ಲಿ ಅವಳ ಬಾಯಿ ಅವಳನ್ನು ಕೆಡಿಸಿತು.

ನಡೆದದ್ದನ್ನು ಅವಳೇ ಪುತಳಾಬಾಯಿಯ ಅಂಗಳದಲ್ಲಿ ಕುಣಿದು ತೋರಿಸಿದ್ದಳು. ಸುಶೀಲಕುಮಾರ ಹೈದರಾಬಾದಿನಿಂದ ತಿರುಚು ಕೊಂಬೊಂದನ್ನು ತರಿಸಿದ್ದ. ಅದನ್ನು ಊದಿ ಹಬ್ಬ ಶುರುಮಾಡಬೇಕು. ಊದಿದ. ಬರೇ ಗಾಳಿ ಬಂತು. ಮತ್ತೆ ಊದಿದ. ಕೆನ್ನೆ ಉಬ್ಬಿತು, ಕಣ್ಣು ಹೊರಬಂತು, ಕೊಂಬು ಮಾತ್ರ ಮೂಕ. ದೀನಮ್ಮ ಹೆಂಗಸರ ಸಾಲಿನಿಂದಲೇ, “ಸಾಕು ಬಿಡೋ ತಮ್ಮಾ, ಗಾಳಿ ಮುಂದ ಬರೋದು ಬಿಟ್ಟು ಹಿಂದ ಬಂದೀತು!” ಅಂದಳು. ಇಡೀ ಗುಡಿಸಲು ನಕ್ಕಿತು. ಗುರುಗಳೂ ಮೀಸೆಯೊಳಗೆ ನಕ್ಕರು. ಸುಶೀಲಕುಮಾರ ಕೊಂಬು ಕೆಳಗಿಟ್ಟು, ಸಭೆಯಲ್ಲಿ ಹೆಂಗಸರು ಬಾಯಿ ತೆರೆಯಬಾರದು, ದೇವರ ಮಾತು ತನ್ನ ಮೂಲಕ ಬರುತ್ತದೆ ಅಂದ. ಅಲ್ಲಿಗೆ ಬಿಡಬೇಕಿತ್ತು. ದೀನಮ್ಮ ಬಿಡಲಿಲ್ಲ.

“ದೇವ್ರು ನಿನ್ನೊಬ್ಬನ ಸಂಗಟೇ ಮಾತಾಡ್ತಾನೇನೋ? ನಿನಗ ಮಾತು ಕಲಿಸಿದಾಕಿ ನಾ.”

ಈ ಸಲ ಯಾರೂ ನಗಲಿಲ್ಲ.

ಆ ಚಳಿಗಾಲದಲ್ಲಿ ಬಂತು ಅದು. ಗೋಡೆಯಾಚೆಯಿಂದ ದೀನಮ್ಮ ಬಟ್ಟಲು ಚಾಚಿದಾಗ ಬೆರಳಿನ ಗಂಟಿನ ಮೇಲೆ ಬಿಳಿ ಕಂಡಿತು. ಪುತಳಾಬಾಯಿ ತನ್ನ ಡಬ್ಬಿಯ ಸುಣ್ಣ ತಾಗಿರಬೇಕೆಂದು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದಳು. ಹೋಗಲಿಲ್ಲ. ತುಟಿಯ ಮೂಲೆಯಲ್ಲೂ ಅಂಥದೇ ಒಂದು ಇತ್ತು.

“ದೀನಾ, ತೊನ್ನು ಇದ್ದಂಗದ. ಉದ್ದ ತೋಳಿನ ಜಂಪರ ಹಾಕ್ಕೋ. ಬಾಯಿ ಮುಚಗೊಂಡು ಬೀದರಿಗೆ ಹೋಗಿ ತೋರಿಸ್ಕೊಂಡು ಬರೋಣ.”

“ಅವಗ ಹೇಳಲ್ದೇ?”

“ಅವಗಂತೂ ಹೇಳಲೇಬ್ಯಾಡ.”

ಆದರೆ ಆ ಶನಿವಾರ ಮನೆಯ ಸಭೆಯಲ್ಲಿ ಓದಿದ್ದು ಒಂದು ಎಚ್ಚರಿಕೆ. ಕುಷ್ಠದ ವಿಷಯದಲ್ಲಿ ಬಹಳ ಜಾಗ್ರತೆ ಇರಬೇಕು, ಯಾಜಕರು ಹೇಳಿದ ಹಾಗೆ ಮಾಡಬೇಕು, ದಾರಿಯಲ್ಲಿ ಮಿರ್ಯಾಮಳಿಗೆ ಆದದ್ದನ್ನು ನೆನಪಿಡಬೇಕು. ಮಿರ್ಯಾಮಳೆಂದರೆ ಮೋಶೆಯ ಅಕ್ಕ. ದೇವರು ಮೋಶೆಯ ಸಂಗಡ ಮಾತ್ರ ಮಾತಾಡಿದ್ದಾನೆಯೇ ಎಂದು ತಮ್ಮನ ವಿರುದ್ಧ ಆಡಿದವಳು. ಆಡಿದ ಮರುಗಳಿಗೆಯಲ್ಲೇ ಮೈಯೆಲ್ಲ ಹಿಮದ ಹಾಗೆ ಬೆಳ್ಳಗಾಗಿ ಪಾಳೆಯದ ಹೊರಗೆ ಬಿದ್ದವಳು. ದೀನಮ್ಮ ಸೆರಗಿನೊಳಗೆ ಬೆರಳು ಹಿಡಿದುಕೊಂಡು ಎಲ್ಲ ಕೇಳಿದಳು. ಆ ಮನೆಗೆ ಪೂಜಾರಿ, ಯಾಜಕ ಎಲ್ಲ ತಮ್ಮನೇ. ಜನ ಎದ್ದುಹೋದ ಮೇಲೆ ತಾನಾಗಿ ಅವನ ಮುಂದೆ ಹೋಗಿ ಕೈ ಚಾಚಿದಳು.

“ಹುಚ್ಚಿ ಏನ ನೀ?” ಎಂದು ಪುತಳಾಬಾಯಿ ಬೈದಳು.

“ಮುಚ್ಚಿಟ್ರ ಪಾಪ ಅಕ್ಕ. ನೋಡ್ತಾನ, ನೋಡಿ ಶುದ್ಧ ಅದ ಅಂತಾನ. ನಾ ಎತ್ತಿ ಆಡಿಸಿದ ಕೂಸದು.”

ಸುಶೀಲಕುಮಾರ ಅಕ್ಕನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ಓದುವ ಕನ್ನಡಕ ಹಾಕಿಕೊಂಡು ನೋಡಿದ. ಮಚ್ಚೆಯ ಮೇಲಿನ ರೋಮವೂ ಬೆಳ್ಳಗಾಗಿತ್ತು. ಒಂದು ವಾರ ಹಿತ್ತಲಿನ ತಗಡಿನ ಕೋಣೆಯಲ್ಲಿ ಇರಿಸಿದ, ಕಟ್ಟಿಗೆ ಇಡುವ ಕೋಣೆ. ವಾರದ ಮೇಲೆ ಮತ್ತೆ ನೋಡಿದ. ಇನ್ನೊಂದು ಬೆರಳಿಗೆ ಹರಡಿತ್ತು. ಪುಸ್ತಕ ತೆರೆದು ಓದಿ, ಅಶುದ್ಧ ಅಂದ. ಹಾಸಿಗೆ, ತಟ್ಟೆ, ಲೋಟ ಎಲ್ಲ ತಗಡಿನ ಕೋಣೆಗೆ ಹೋದವು. ಮೇಲ್ದುಟಿ ಮುಚ್ಚುವ ಹಾಗೆ ಸೆರಗು ಕಟ್ಟಿಕೊಳ್ಳಬೇಕು. ಮಂದಿ ಎದುರು ಬಂದರೆ ಅಶುದ್ಧ, ಅಶುದ್ಧ ಎಂದು ತಾನೇ ಕೂಗಬೇಕು.

“ಕೂಗೋದೊಂದು ಮಾಫ್ ಮಾಡ್ಯಾನ,” ಅಂದಳು ದೀನಮ್ಮ, ತಮ್ಮ ಏನೋ ಉಡುಗೊರೆ ಕೊಟ್ಟ ಹಾಗೆ.

ಪುತಳಾಬಾಯಿ ಗೋಡೆ ದಾಟಿ ಹೋದಳು.

“ಸುಶೀಲ್ಯಾ, ಹೊರಗ ಬಾ. ನಿಮ್ಮಜ್ಜ ನಮ್ಮಜ್ಜ ಇಬ್ಬರೂ ಊರ ಹೊರಗ ಇದ್ದವರು. ಸೆರಗಿನ ಗಾಳಿ ತಾಗಿದ್ರ ಮೈಲಿಗಿ ಅಂತಿದ್ರು ನಮಗ. ಈಗ ನೀ ಒಳಗ ಬಂದು ಹೊರಗ ಹಾಕ್ಲಿಕ್ಕ ಅಕ್ಕನೇ ಸಿಕ್ಕಳೇನು?”

“ಅಕ್ಕಾ, ಅದು ಮನುಷ್ಯಾರು ಮಾಡಿದ್ರಿ. ಇದು ದೇವ್ರು ಹೇಳಿದ್ರಿ.” ಅವನ ದನಿ ಏರಲಿಲ್ಲ. “ಇಕಿ ನಮ್ಮಕ್ಕ ಅಂತ ನಾ ಒಂದು ಬಿಟ್ರ, ನಾಳೆ ಹದಸ್ಸಾಗ ಬಂದ್ರ ಏನ್ ಮಾಡ್ಲಿರಿ? ನೀವು ಬೇಕಾದ್ರ ಬೈರಿ. ನಾ ಎಚ್ಚರಿಕಿ ಕೇಳಿ ಬಿಟ್ಟವ ಆಗೋದಿಲ್ಲ.”

ಬಾಗಿಲ ಹಿಂದೆ ಸ್ನೇಹಾ ನಿಂತಿದ್ದಳು. ಎಣ್ಣೆ ಕಾಣದ ಜಡೆ ಹೆಗಲ ಮೇಲಿತ್ತು.

ಪುತಳಾಬಾಯಿ ದೀನಮ್ಮನನ್ನು ಬೀದರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಚರ್ಮದ ಡಾಕ್ಟರು ಮುಸರ್ರತ ಮೇಡಂ ಒಳ್ಳೆಯ ಹೆಂಗಸು. ಕೈಗವಸು ಹಾಕದೆ ಬೆರಳು ಹಿಡಿದು ನೋಡಿದರು. ಇದು ಕುಷ್ಠ ಅಲ್ಲ, ಬರೇ ತೊನ್ನು. ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆ ಇರುವುದರಿಂದ ಗಾಯವಾಗದಂತೆ ನೋಡಿಕೊಳ್ಳಬೇಕು ಅಂದರು. ಮುಲಾಮು ಬರೆದುಕೊಟ್ಟರು.

“ಔರ್ ಏಕ್ ಬಾತ್, ಅಮ್ಮಾ. ಮೈಯಾಗ ಎಲ್ಲಿ ತಿಕ್ಕಾಡ್ತದೋ ಅಲ್ಲಿ ಇದು ಜಲ್ದಿ ಬರ್ತದ. ಲಂಗದ ಲಾಡಿ, ಚಪ್ಪಲಿ ಪಟ್ಟಿ, ಬಿಗಿ ಬಳಿ, ಯಾವುದೂ ತಿಕ್ಕಬಾರದು. ಸಮಝ್ಯಾ?”

ದೀನಮ್ಮ ಸಮಝ್ಯಾ ಎಂದು ತಲೆಯಾಡಿಸಿದಳು. ಆ ಚೀಟಿಯನ್ನು ಸುಶೀಲಕುಮಾರ ಮುಟ್ಟಲಿಲ್ಲ. “ಆ ಡಾಕ್ಟರ ಧರ್ಮಶಾಸ್ತ್ರ ಓದ್ಯಾಳೇನು?” ಎಂದು ಕೇಳಿದ.

ಸಾಲೆಯಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ಶಾಸ್ತ್ರ ಓದಿದವರು ಯಾರೂ ಇರಲಿಲ್ಲ. ಹುಡುಗರ ತಾಯಂದಿರು ಬಂದು, ಬೆಳ್ಳನೆ ಕೈಯ ಅನ್ನ ನಮ್ಮ ಮಕ್ಕಳಿಗೆ ಬೇಡ ಅಂದರು. ಹೆಡ್‌ಮಾಸ್ತರರು, ನೀವು ಸ್ವಲ್ಪ ದಿನ ಆರಾಮ ಮಾಡ್ರಿ ಅಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮೊದಲ ಮಚ್ಚೆ ಕಂಡಾಗ ಗಲ್ಲಿಯ ಹುಡುಗರು ಚಿತಕಬರಿ, ಅಂದರೆ ಚುಕ್ಕೆ ಚುಕ್ಕೆಯವಳು, ಅನ್ನುತ್ತಿದ್ದರು. ಮುಖಕ್ಕೆ ಹರಡಿದ ಮೇಲೆ ಮೇಮ್‌ಸಾಬ ಅನ್ನತೊಡಗಿದರು. ದೀನಮ್ಮ ಮೊದಮೊದಲು, “ಹೂಂ, ನಿಮ್ಮಪ್ಪಗ ಲಂಡನ್ನಿಗೆ ಕರ್ಕೊಂಡು ಹೋಗ್ತೇನಿ, ಕಳಿಸ್ತೀರೇನು?” ಎಂದು ತಿರುಗಿಸಿ ಕೊಡುತ್ತಿದ್ದಳು. ಆಮೇಲೆ ಸೆರಗಿನೊಳಗಿನ ಬಾಯಿ ಸುಮ್ಮನಾಯಿತು.

ಅವಳಿಗೆ ಬೇಕಾದದ್ದು ಒಂದೇ. ಸ್ನೇಹಾಳ ಪಕ್ಕ, ಒಂದೇ ಮಾಡಿನ ಕೆಳಗೆ, ಒಂದು ಹಬ್ಬದ ಊಟ. ಪಸ್ಕ ಬಂದರೆ ಹುಳಿಯಿಲ್ಲದ ರೊಟ್ಟಿ ಕಿಟಕಿಯ ಸರಳಿನಿಂದ ಬೀಳುತ್ತಿತ್ತು. ಪರ್ಣಶಾಲೆ ಬಂದರೆ ಮನೆಯವರೆಲ್ಲ ಎಕಂಬಾಕ್ಕೆ ಹೋಗಿ, ತಗಡಿನ ಕೋಣೆಯಲ್ಲಿ ಇವಳೊಬ್ಬಳೇ ಉಳಿಯುತ್ತಿದ್ದಳು. ಗೋಡೆಯ ಈಚೆ ಬಂದು ತನ್ನ ಮನೆಯಲ್ಲೇ ಇರು ಎಂದು ಪುತಳಾಬಾಯಿ ಎಷ್ಟೋ ಸಲ ಕರೆದಳು. ಬರಲಿಲ್ಲ. ಹೋದರೆ ಹೊರಗಿನವಳೇ ಆಗಿಬಿಡುತ್ತೇನೆ, ಇಲ್ಲಿದ್ದರೆ ಕರೆದಾಗ ಕಿವಿಗೆ ಬೀಳುತ್ತದೆ ಅನ್ನುವುದು ಅವಳ ಲೆಕ್ಕ.

ಕರೆದವಳು ಸ್ನೇಹಾ. ಒಂದು ಮಧ್ಯಾಹ್ನ ಅಪ್ಪ ಕಂಬ ಹತ್ತಲು ಹೋಗಿದ್ದಾಗ ಹಿತ್ತಲಿಗೆ ಬಂದು, ದೂರ ನಿಂತು, ಪುಸ್ತಕದ ಪುಟ ಬೆರಳಲ್ಲಿ ಹಿಡಿದು ಹೇಳಿದಳು. ಪುತಳಾಬಾಯಿ ಗೋಡೆಯ ಈಚೆ ಹಪ್ಪಳ ಒಣಗಿಸುತ್ತಿದ್ದಳು, ಎಲ್ಲ ಕೇಳಿತು.

“ಅತ್ತಿ, ಇಲ್ಲಿ ಒಂದು ಮಾತು ಅದ. ಮೈಯಾಗ ಅಲ್ಲಲ್ಲಿ ಬೆಳ್ಳಗಿದ್ರ ಅಶುದ್ಧ. ಖರೇ, ತಲೀಯಿಂದ ಕಾಲಿನ ತನಕ ಪೂರಾ ಬೆಳ್ಳಗಾದ್ರ ಶುದ್ಧ ಅಂತ. ಅಪ್ಪಗ ಕೇಳ್ದೆ. ಹೌದು, ಹಂಗೇ ಅದ ಅಂದ.”

“ಪೂರಾ ಆದ್ರ?”

“ಪೂರಾ ಆದ್ರ. ಒಂದು ಚೂರೂ ಕರಿ ಉಳೀಬಾರದು.”

ಹುಡುಗಿ ಒಳ್ಳೆಯದಕ್ಕೇ ಹೇಳಿದ್ದು. ಮರುದಿನ ಮುಲಾಮಿನ ಟ್ಯೂಬು ಗೋಡೆಯಾಚೆಯಿಂದ ಬಂದು ಪುತಳಾಬಾಯಿಯ ಅಂಗಳದಲ್ಲಿ ಬಿತ್ತು.

ಅಲ್ಲಿಂದ ದೀನಮ್ಮನ ಬದುಕಿಗೆ ಅದೊಂದೇ ಕೆಲಸ. ಡಾಕ್ಟರು ಯಾವುದು ಮಾಡಬೇಡ ಅಂದಿದ್ದರೋ ಅದನ್ನೇ ಹಿಡಿದಳು. ತಿಕ್ಕಿದ ಕಡೆ ಬರುತ್ತದಲ್ಲ, ತಿಕ್ಕಿದರಾಯಿತು. ಬಚ್ಚಲಲ್ಲಿ ಕಾಲು ಉಜ್ಜುವ ಕೆಂಪು ಕಲ್ಲಿನ ಚೂರು ಅವಳ ಕೈ ಬಿಡಲಿಲ್ಲ. ತೋಳು, ಕುತ್ತಿಗೆ, ಹೊಟ್ಟೆ. ಬೆನ್ನಿಗೆ ಕೈ ಎಟುಕದಿದ್ದರೆ ತಗಡಿನ ಗೋಡೆಗೆ ಆತು ಎಮ್ಮೆಯ ಹಾಗೆ ಉಜ್ಜುತ್ತಿದ್ದಳು. ಆ ಸಪ್ಪಳ ಪುತಳಾಬಾಯಿಗೆ ಅಡಿಗೆಮನೆಯ ತನಕ ಕೇಳುತ್ತಿತ್ತು. ಕಲ್ಲು ಕಸಿದು ಎಸೆದರೆ ಇನ್ನೊಂದು ಸಿಗುತ್ತಿತ್ತು. ಬೀದರ ಸೀಮೆಯಲ್ಲಿ ಕೆಂಪು ಕಲ್ಲಿಗೆ ಬರವೇ?

“ದೀನಾ, ನಿನಗ ಸಕ್ಕರಿ ಅದ. ಗಾಯಾದ್ರ ಮಾಯೂದಿಲ್ಲ.”

“ಸ್ವಲ್ಪೇ ಉಳದದ ಅಕ್ಕ. ನೋಡು, ಮಾರಿ ಆಯ್ತು, ಕೈ ಆದವು. ಮಣಕಾಲು ಕೆಳಗ ಅಷ್ಟೇ ಹಠ ಹಿಡದದ.”

ನಿಜಕ್ಕೂ ಆಗಿತ್ತು. ಕರಿ ಹುಡುಗಿ ಎಂದು ಸಾಯಗಾಂವದ ಅತ್ತೆ ಹಂಗಿಸುತ್ತಿದ್ದ ಮೈ ಎರಡು ವರ್ಷದಲ್ಲಿ ಸುಲಿದ ಬೆಳ್ಳುಳ್ಳಿಯ ಹಾಗಾಯಿತು. ಬಿಸಿಲಿಗೆ ಬಂದರೆ ಸುಟ್ಟು ಕೆಂಪಾಗುತ್ತಿತ್ತು. ಹುಬ್ಬು ಸಹ ಬೆಳ್ಳಗಾಗಿ, ದೂರದಿಂದ ಕಣ್ಣಷ್ಟೇ ಕಾಣುತ್ತಿದ್ದವು.

ಆ ವರ್ಷ ಸ್ನೇಹಾಳ ಮದುವೆ ಗೊತ್ತಾಯಿತು. ಗುರುಗಳ ಗುಂಪಿನದೇ ಹುಡುಗ, ಜಹೀರಾಬಾದಿನವನು. ಪರ್ಣಶಾಲೆಯ ಹಬ್ಬಕ್ಕೆ ಗಂಡಿನವರು ಎಕಂಬಾಕ್ಕೆ ಬರುವುದು, ಹಬ್ಬವಾದ ಮೇಲೆ ಬೀದರಿನಲ್ಲಿ ಲಗ್ನ. ಮದುವೆಯಾದರೆ ಹುಡುಗಿ ಆ ಮನೆಯವಳು. ಕೂಡಿ ಉಣ್ಣುವುದಿದ್ದರೆ ಈ ಹಬ್ಬದಲ್ಲೇ.

“ನನಗ ಎಕಂಬಾಕ್ಕ ಕರ್ಕೊಂಡು ನಡಿ ಅಕ್ಕ. ಪೂರಾ ಆಗೀನಿ. ತೋರಸ್ತೇನಿ.”

ಇಬ್ಬರು ಮುದುಕಿಯರು ಔರಾದಿನ ಬಸ್ಸು ಹತ್ತಿದರು. ದೀನಮ್ಮನ ಪಕ್ಕದ ಸೀಟಿನವಳು ಎದ್ದುಹೋಗಿ ನಿಂತುಕೊಂಡಳು. ಔರಾದಿನಿಂದ ಟಂಟಂ ಆಟೋ. ಹೊಲದಲ್ಲಿ ತೊಗರಿ ಹೂವಿಗೆ ಬಂದಿತ್ತು, ಆಚೆ ಗರಿಯ ಗುಡಿಸಲುಗಳ ಸಾಲು. ಮಸಾಲೆಯ ವಾಸನೆ ಬದುವಿನ ತನಕ ಬರುತ್ತಿತ್ತು. ದೀನಮ್ಮ ಬದುವಿನ ಹೊರಗೇ ನಿಂತು, ಯಾರೂ ಹೇಳದೆ, ಎರಡು ವರ್ಷ ಮಾಫ್ ಆಗಿದ್ದ ಆ ಮಾತನ್ನು ತಾನಾಗಿ ಕೂಗಿದಳು.

“ಅಶುದ್ಧ! ಅಶುದ್ಧ! ತಮ್ಮಾ, ಬಂದು ನೋಡಪ್ಪ!”

ಗುಂಪೆಲ್ಲ ಹೊರಗೆ ಬಂತು. ಗಂಡಿನವರೂ ಬಂದರು. ಸುಶೀಲಕುಮಾರ ಕನ್ನಡಕ ಹಾಕಿಕೊಂಡು ಬಂದ. ಮುಖ ನೋಡಿದ, ಕೈ ನೋಡಿದ. ಇಬ್ಬರು ಹೆಂಗಸರು ಸೀರೆ ಮರೆಮಾಡಿ ಬೆನ್ನು ಹೊಟ್ಟೆ ನೋಡಿ, ಪೂರಾ ಬೆಳ್ಳಗದರಿ ಅಂದರು. ಗುರುಗಳು ಪುಟ ತಿರುವಿ, ಪೂರ್ತಿ ಬೆಳ್ಳಗಾದರೆ ಶುದ್ಧ, ಹೌದು, ಅಂದರು. ದೀನಮ್ಮ ಸೆರಗಿನಿಂದ ಬಾಯಿ ಬಿಚ್ಚಿದಳು. ಎರಡು ವರ್ಷದ ಮೇಲೆ ಆ ಬಾಯಿ ಮಂದಿಯ ಮುಂದೆ ನಕ್ಕಿತು.

“ಕಾಲಿಗಿ ಬಟ್ಟಿ ಯಾಕ ಕಟ್ಟೀದಿ?” ಅಂದ ಸುಶೀಲಕುಮಾರ.

“ಸುಮ್ನ. ಮುಳ್ಳು ತರಚದ.”

“ಬಿಚ್ಚು.”

ಬಟ್ಟೆ ಚರ್ಮಕ್ಕೆ ಅಂಟಿತ್ತು. ಎಳೆದರೆ ಅದರ ಸಂಗಡ ಮೊಳಕಾಲಿನ ಕೆಳಗಿನ ಪದರೇ ಬಂತು. ಒಳಗೆ ಕೆಂಪು, ಕೀವು, ವಾಸನೆ. ಹಠ ಹಿಡಿದಿದ್ದ ಕರಿಯನ್ನು ಅವಳು ಕಲ್ಲಿನಿಂದ ಕಿತ್ತೇ ತೆಗೆದಿದ್ದಳು.

ಸುಶೀಲಕುಮಾರ ಪುಸ್ತಕ ಇಸಿದುಕೊಂಡು ಅದರ ಮುಂದಿನ ಸಾಲು ಓದಿದ. ಬೆಳ್ಳಗಾದವನ ಮೈಯಲ್ಲಿ ಹಸಿ ಮಾಂಸ ಕಂಡರೆ ಅವನು ಅಶುದ್ಧ. ಓದುವಾಗ ಅವನ ದನಿ ನಡುಗಿತು ಎಂದು ಪುತಳಾಬಾಯಿ ಈಗಲೂ ಹೇಳುತ್ತಾಳೆ. ನಡುಗಿದರೂ ಓದಿ ಮುಗಿಸಿದ.

“ಸುಶೀಲ್ಯಾ,” ಅಂದಳು ದೀನಮ್ಮ. ಶಿಮೋನ ಅನ್ನಲಿಲ್ಲ. “ಮಿರ್ಯಾಮ ಹೊರಗಿದ್ದದ್ದು ಒಂದು ವಾರ. ಆಕಿ ತಮ್ಮ ದೇವರಿಗಿ ಅತ್ತು ಬೇಡ್ಕೊಂಡ. ಆಕಿ ಒಳಗ ಬರೋ ತನಕ ಇಡೀ ಮಂದಿ ಮುಂದ ಹೆಜ್ಜಿ ಇಡಲಿಲ್ಲ. ನೀನೇ ಓದಿ ಹೇಳೀದಿ. ನಂದು ಎರಡು ವರ್ಷಾತು. ನನ್ನ ಸಲುವಾಗಿ ಯಾರರೇ ಒಂದು ಹೊತ್ತಿನ ಊಟಾ ನಿಂದ್ರಿಸೀರೇನು?”

ಗಂಡಿನ ತಾಯಿ ಮೂಗಿಗೆ ಸೆರಗು ಹಿಡಿದಳು. ಅದನ್ನು ನೋಡಿ ಸುಶೀಲಕುಮಾರ, “ಗಾಯ ಮಾಯ್ದು ಬೆಳ್ಳಗಾದ್ರ ಮತ್ತ ನೋಡ್ತೇನಿ,” ಎಂದು ತಿರುಗಿದ.

ಊಟ ಬದುವಿನ ಹೊರಗೆ ಬಂತು, ಎಲೆಯನ್ನು ಕೋಲಿನಿಂದ ನೂಕಿದರು. ಪುತಳಾಬಾಯಿ ಮುಟ್ಟಲಿಲ್ಲ. ದೀನಮ್ಮ ಉಂಡಳು. ಹಬ್ಬದ ಊಟ ಬಿಡಬಾರದು ಅಂದಳು. ಸ್ವಲ್ಪ ಹೊತ್ತಿಗೆ ಸ್ನೇಹಾ ಬದುವಿನ ಆ ಕಡೆ ಬಂದು ನಿಂತಳು, ಹೊಸ ಸೀರೆ, ಕೈಯಲ್ಲಿ ಮೆಹಂದಿ.

“ಅತ್ತಿ, ಲಗ್ನಕ್ಕ ಇನ್ನಾ ಟೈಮ್ ಅದ. ಅಷ್ಟರೊಳಗ ಮಾಯ್ತದ. ಅಳಬ್ಯಾಡ. ಅವ್ರು ನೋಡ್ಲತಾರ.”

“ನಾ ಎಲ್ಲಿ ಅಳ್ಲತೀನಿ? ನಿನ್ನ ತಲಿ ಯಾಕ ಹಿಂಗ ಒಣಗ್ಯಾದ? ಎಣ್ಣಿ ಹಚ್ಚಿಲ್ಲೇನು?”

ಅನ್ನುತ್ತ ದೀನಮ್ಮನ ಕೈ ತಾನಾಗಿ ಬದು ದಾಟಿತು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

“ಅತ್ತಿ, ಬ್ಯಾಡ. ನಾ ಮತ್ತ ಒಳಗ ಹೋಗಬೇಕಲ್ಲ.”

ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಎಲೆ ಮಡಚಿತು.

ಭಾಲ್ಕಿಗೆ ಬಂದ ಮೇಲೆ ಜ್ವರ ಬಂತು. ಕಾಲು ಊದಿ ಕಪ್ಪಾಗತೊಡಗಿತು. ಮೈಯೆಲ್ಲ ಬೆಳ್ಳಗಾದವಳಿಗೆ ಕರಿ ತಿರುಗಿ ಬಂದದ್ದು ಹೀಗೆ, ಕೊಳೆತು. ಪುತಳಾಬಾಯಿ ಬೀದರಿನ ದೊಡ್ಡ ದವಾಖಾನೆಗೆ ಸೇರಿಸಿದಳು. ನಂಜು ರಕ್ತಕ್ಕೆ ಏರಿದೆ, ಕಾಲು ತೆಗೆದರೂ ಉಳಿಯುವುದು ಕಷ್ಟ ಅಂದರು ಡಾಕ್ಟರು. ಪುತಳಾಬಾಯಿ ವರಾಂಡಕ್ಕೆ ಹೋಗಿ ಸುಶೀಲಕುಮಾರನಿಗೆ ಫೋನು ಮಾಡಿಸಿದಳು.

“ನಿಮ್ಮಕ್ಕ ಹೊಂಟಾಳ. ಹುಡುಗಿಗೆ ಕರ್ಕೊಂಡು ಬಾ.”

ಅವನು ಕೇಳಿದ ಮೊದಲ ಮಾತು: “ಗಾಯ ಬೆಳ್ಳಗಾಗ್ಯಾದೇನ್ರಿ ಅಕ್ಕಾ?”

ಪುತಳಾಬಾಯಿ ಬಾಗಿಲಿನಿಂದ ಒಳಗೆ ನೋಡಿದಳು. ಕಾಲಿಗೆ ಹೊಸ ಬ್ಯಾಂಡೇಜು ಸುತ್ತಿದ್ದರು.

“ಆಗ್ಯಾದ. ಹಾಲಿನಂಗ ಆಗ್ಯಾದ. ಬಾ.”

“ಹಂಗಿದ್ರ ಮಧ್ಯಾಹ್ನಕ್ಕ ಬರ್ತೇವಿ. ಹದಸ್ಸಾನೂ ಬರ್ತಾಳ. ಪೂರಾ ನೋಡಿ ಆಮ್ಯಾಲ ಒಳಗ ಕಳಸ್ತೇನಿ.”

ದೀನಮ್ಮನಿಗೆ ಹೇಳಿದಾಗ ಅವಳ ಕಣ್ಣು ತೆರೆದವು. ಪುತಳಾಬಾಯಿಯ ಸೆರಗು ಹಿಡಿದು ಎಳೆದಳು.

“ಬಲಗಿವಿ ಹಿಂದ ನೋಡು ಅಕ್ಕ. ಅಲ್ಲಿ ಕಲ್ಲು ಸರಿ ಹೋಗಿದ್ದಿಲ್ಲ.”

ಪುತಳಾಬಾಯಿ ಬಿಳಿಗೂದಲು ಸರಿಸಿದಳು. ಕಿವಿಯ ಹಿಂದಿನ ಮಡಿಕೆಯಲ್ಲಿ, ತೊಗರಿಕಾಳಿನಷ್ಟು, ಮೆಹಕರದಲ್ಲಿ ಹುಟ್ಟಿದಾಗಿನ ಬಣ್ಣದ ದೀನಮ್ಮ ಉಳಿದಿದ್ದಳು.

“ಏನೂ ಇಲ್ಲ. ಎಲ್ಲಾ ಬೆಳ್ಳಗದ.”

“ಸುಳ್ಳಾಡಬ್ಯಾಡ. ನಿನ್ನ ಕೈ ಅಲ್ಲೇ ನಿಂತದ.”

ಪುತಳಾಬಾಯಿ ಕೈ ತೆಗೆದಳು. ವರಾಂಡದಲ್ಲಿ ಯಾರದೋ ಚಪ್ಪಲಿಯ ಸಪ್ಪಳವಾಯಿತು. ದೀನಮ್ಮ ಬಾಗಿಲಿನ ಕಡೆ ನೋಡಿ, ತಲೆಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿ ಕಿವಿ ಮುಂದೆ ಮಾಡಿದಳು.

“ನಿನ್ನ ಡಬ್ಬ್ಯಾಗ ಸುಣ್ಣ ಅದಲ್ಲ ಅಕ್ಕ? ಅವ್ರು ಒಳಗ ಬರೋದ್ರೊಳಗ ಅಲ್ಲಿ ಜರಾ ಹಚ್ಚು.”